ಕನಿಕರದ ಚಪ್ಪಾಳೆ

ನಮ್ಮ ಮನೆಯಲ್ಲಿ ಒಂದು ಮಾತಿತ್ತು. ರೇಡಿಯೋದಲ್ಲಿ ಗದುಗಿನ ಪುಟ್ಟರಾಜ ಗವಾಯಿಗಳ ಹಾಡು ಬಂದಾಗಲೆಲ್ಲ ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ನೋಡು, ದೇವರು ಕಣ್ಣು ಕಿತ್ಕೊಂಡ, ಕಂಠ ಕೊಟ್ಟ" ಎನ್ನುತ್ತಿದ್ದಳು. ಹೀಗೆಂದು ಒಂದು ನಿಟ್ಟುಸಿರು ಬಿಟ್ಟು ಮತ್ತೆ ಒಳಗೆ ಹೋಗುತ್ತಿದ್ದಳು. ಹಾಡು ಮುಗಿಯುವ ತನಕ ನಿಂತು ಕೇಳಿದ್ದು ನನಗೆ ನೆನಪಿಲ್ಲ. ಸಾರು ಉಕ್ಕುತ್ತಿತ್ತು, ಅಪ್ಪನಿಗೆ ಎರಡನೇ ಪಾಳಿಗೆ ಬುತ್ತಿ ಕಟ್ಟಬೇಕಿತ್ತು.

ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ನಮ್ಮ ಬಾಲ್ಯದ ಗಡಿಯಾರ ಎಂದರೆ ಆ ಕಾರ್ಖಾನೆಯ ಕೂಗು ಮತ್ತು ಭದ್ರಾವತಿ ಆಕಾಶವಾಣಿ. 1965ರಲ್ಲಿ ಆರಂಭವಾದ ಆ ನಿಲಯ ನಾನು ಹುಟ್ಟುವ ಹೊತ್ತಿಗೆ ಊರಿನ ಮನೆಮಗಳಂತೆ ಆಗಿಬಿಟ್ಟಿತ್ತು. ಬೆಳಗಿನ ವಚನ, ಪ್ರದೇಶ ಸಮಾಚಾರ, ರಾತ್ರಿಯ ಸಂಗೀತ ಎಲ್ಲವೂ ಅದರಿಂದಲೇ. ಗವಾಯಿಗಳ ದನಿಯನ್ನು ನಾನು ಮೊದಲು ಕೇಳಿದ್ದೂ ಅಲ್ಲಿಯೇ. ಅವರ ಮುಖ ಹೇಗಿದೆ ಎಂದು ನನಗೆ ಆಗ ತಿಳಿಯದು. ಅವರಿಗೆ ಕಣ್ಣಿಲ್ಲ ಎಂಬುದು ಮಾತ್ರ ತಿಳಿದಿತ್ತು, ಏಕೆಂದರೆ ಅಮ್ಮ ಪ್ರತಿ ಸಲವೂ ಹೇಳುತ್ತಿದ್ದಳಲ್ಲ!

ಅಮ್ಮನ ಆ ಮಾತು ತಪ್ಪು ಎಂದು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು. ತಿಳಿಯುವ ಹೊತ್ತಿಗೆ ನನ್ನ ಕೈಯಿಂದ ಒಬ್ಬ ಹುಡುಗಿಗೆ ಅನ್ಯಾಯವೂ ಆಗಿಹೋಗಿತ್ತು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಗವಾಯಿಗಳ ಬದುಕನ್ನು ಸ್ವಲ್ಪ ನೋಡೋಣ. ನಿಮ್ಮಲ್ಲಿ ಹಲವರಿಗೆ ಗೊತ್ತಿರುವುದೇ. ಆದರೂ ಗೊತ್ತಿರುವುದನ್ನೇ ಇನ್ನೊಮ್ಮೆ ಬೇರೆ ಕಡೆಯಿಂದ ನೋಡಬೇಕಾಗುತ್ತದೆ.

ಪುಟ್ಟರಾಜರು ಹುಟ್ಟಿದ್ದು 1914ರಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ ಸೀಮೆಯಲ್ಲಿ. ಹಸುಗೂಸಾಗಿದ್ದಾಗಲೇ ಕಣ್ಣು ಹೋಯಿತು, ತಂದೆ ತಾಯಿಯರೂ ಬಹುಬೇಗ ತೀರಿಕೊಂಡರು. ಸಾಕಿದವರು ಸೋದರಮಾವ. ಮನೆಯಲ್ಲಿದ್ದ ಹಾರ್ಮೋನಿಯಂ ಮೇಲೆ ಮಗು ಬೆರಳಾಡಿಸುವುದನ್ನು ಕಂಡ ಆ ಮಾವ ಅದನ್ನು ಪಂಚಾಕ್ಷರಿ ಗವಾಯಿಗಳ ಬಳಿಗೆ ಕರೆದೊಯ್ದರು. ಈ ಮಾವನನ್ನು ನಾವು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ನನಗೆ ಈಗ ಈ ಕಥೆಯಲ್ಲಿ ಬಹಳ ದೊಡ್ಡವರಾಗಿ ಕಾಣುವವರು ಅವರೇ. ಮಗುವಿನ ಬೆರಳಾಟ ಕಂಡು "ಪಾಪ, ಹೊತ್ತು ಹೋಗುತ್ತೆ, ಆಡಿಕೊಳ್ಳಲಿ" ಎಂದು ಅವರು ಸುಮ್ಮನಾಗಲಿಲ್ಲ. ಕಲಿಸುವವರು ಯಾರು ಎಂದು ಹುಡುಕಿಕೊಂಡು ಹೋದರು.

ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ. 1892ರಲ್ಲಿ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಅವರ ಹೆಸರು ಗದಿಗೆಯ್ಯ. ಅವರ ಅಣ್ಣ ಗುರುಬಸಯ್ಯನೂ ಹುಟ್ಟುಗುರುಡ. ಈ ಹುಡುಗರ ಹಾಡು ಕೇಳಿದ ಹಾನಗಲ್ಲಿನ ಕುಮಾರಸ್ವಾಮಿಗಳು ಅವರಿಗೆ ಆಸರೆಯಾದರು, ಸಂಗೀತ ಕಲಿಸಿದರು. ಗದಿಗೆಯ್ಯ ಕರ್ನಾಟಕ ಸಂಗೀತವನ್ನೂ ಹಿಂದುಸ್ತಾನಿ ಸಂಗೀತವನ್ನೂ ಕಲಿತು 'ಉಭಯಗಾನ ವಿಶಾರದ' ಎನಿಸಿಕೊಂಡರು. ಆಮೇಲೆ ಶಿಷ್ಯರನ್ನು ಕಟ್ಟಿಕೊಂಡು ಊರಿಂದ ಊರಿಗೆ ತಿರುಗುತ್ತಾ ಪಾಠ ಹೇಳಿದರು. ಅದೊಂದು ನಡೆದಾಡುವ ಶಾಲೆ. ಕೊನೆಗೆ ಗದುಗಿನಲ್ಲಿ ನೆಲೆನಿಂತು ವೀರೇಶ್ವರ ಪುಣ್ಯಾಶ್ರಮವಾಯಿತು. 1944ರಲ್ಲಿ ಅವರು ತೀರಿಕೊಂಡಾಗ ಆಶ್ರಮದ ಹೊಣೆ ಮೂವತ್ತು ವರ್ಷದ ಪುಟ್ಟರಾಜರ ಹೆಗಲಿಗೆ ಬಂತು. 2010ರ ಸೆಪ್ಟೆಂಬರ್ 17ರಂದು ಕಣ್ಮುಚ್ಚುವ ತನಕ, ಅರವತ್ತಾರು ವರ್ಷ, ಅವರು ಆ ಹೊಣೆಯನ್ನು ಇಳಿಸಲಿಲ್ಲ.

ಹೊಣೆ ಎಂದರೆ ಏನೆಂದು ಸಂಸಾರ ಮಾಡುವ ನಮಗೆ ಗೊತ್ತು. ಆಶ್ರಮದಲ್ಲಿ ಕಣ್ಣಿಲ್ಲದವರು, ತಂದೆ ತಾಯಿ ಇಲ್ಲದವರು, ಕಣ್ಣಿದ್ದೂ ಬಡವರಾದವರು, ಎಲ್ಲರಿಗೂ ಎರಡು ಹೊತ್ತು ಊಟವಾಗಬೇಕು, ಬಟ್ಟೆಯಾಗಬೇಕು, ಪಾಠವಾಗಬೇಕು. ಇದಕ್ಕಾಗಿ ಅವರು ನಾಟಕ ಕಂಪನಿ ಕಟ್ಟಿದರು. ನಾಟಕ ಬರೆದರು, ಮಟ್ಟು ಹಾಕಿದರು. ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು, ವೀಣೆ ಎಂದು ಹಲವು ವಾದ್ಯಗಳನ್ನು ಕೈವಶ ಮಾಡಿಕೊಂಡಿದ್ದರು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಪುಸ್ತಕ ಬರೆದರು. ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ತಂದರು. 1998ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ಪದ್ಮಭೂಷಣ ಬಂದವು. ಭಕ್ತರು ಊರೂರಿನಲ್ಲಿ ಅವರಿಗೆ ತುಲಾಭಾರ ಮಾಡಿದರು. ತಕ್ಕಡಿಯ ಒಂದು ತಟ್ಟೆಯಲ್ಲಿ ಅಜ್ಜಾರು, ಇನ್ನೊಂದರಲ್ಲಿ ನಾಣ್ಯ. ಆ ಹಣವೂ ಆಶ್ರಮದ ಮಕ್ಕಳ ತಟ್ಟೆಗೇ ಹೋಯಿತು.

ಇಷ್ಟನ್ನು ನಾವು ಬಲ್ಲೆವು, ಇಷ್ಟಕ್ಕೇ ಕೈ ಮುಗಿಯುತ್ತೇವೆ. ನನ್ನ ತಕರಾರು ಇಲ್ಲಿಂದಲೇ ಶುರುವಾಗುತ್ತದೆ. ಕೈ ಮುಗಿದವರು ಕಿವಿ ತೆರೆದೆವೇ? ಅವರನ್ನು ಎಷ್ಟೋ ಸಲ ತೂಗಿದ ನಾವು ಅವರ ಹಾಡನ್ನು ಒಮ್ಮೆಯಾದರೂ ತೂಗಿ ನೋಡಿದೆವೇ? ಅವರ ಮೇಲೆ ಬಂದ ಲೇಖನಗಳಲ್ಲಿ ನಾನು ಓದಿದ ಹೆಚ್ಚಿನವು 'ಅಂಧರ ಬಾಳಿನ ಬೆಳಕು' ಎಂದು ಆರಂಭವಾಗಿ 'ನಡೆದಾಡುವ ದೇವರು' ಎಂದು ಮುಗಿಯುತ್ತವೆ. ನಡುವೆ ಅವರು ಹೇಗೆ ಹಾಡುತ್ತಿದ್ದರು, ಹೇಗೆ ಕಲಿಸುತ್ತಿದ್ದರು ಎಂಬುದಕ್ಕೆ ಎರಡು ಸಾಲಿನ ಜಾಗವೂ ಇರುವುದಿಲ್ಲ. ದೇವರಾದವರ ಶ್ರುತಿ ಲಯ ಯಾರು ಕೇಳುತ್ತಾರೆ?

1995ರಲ್ಲಿ ಚಿಂದೋಡಿ ಬಂಗಾರೇಶರ 'ಗಾನಯೋಗಿ ಪಂಚಾಕ್ಷರಿ ಗವಾಯಿ' ಚಿತ್ರ ಬಂತು. ನಾನು ಆಗಷ್ಟೇ ಭದ್ರಾವತಿಯ ಒಂದು ಶಾಲೆಯಲ್ಲಿ ಶಿಕ್ಷಕಿಯಾಗಿ ಸೇರಿದ್ದೆ. ಸಹೋದ್ಯೋಗಿಗಳೆಲ್ಲ ಒಟ್ಟಾಗಿ ಹೋಗಿ ನೋಡಿದೆವು. ಹಂಸಲೇಖರಿಗೆ ಸಂಗೀತಕ್ಕಾಗಿ, ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಹಾಡಿಕೆಗಾಗಿ ರಾಷ್ಟ್ರಪ್ರಶಸ್ತಿ ತಂದ ಚಿತ್ರ ಅದು. ಪ್ರಶಸ್ತಿಗೆ ತಕ್ಕ ಹಾಡಿಕೆಯೇ. ಆದರೆ ಹೊರಗೆ ಬಂದಾಗ ನಮ್ಮ ಮಾತು ಯಾವುದರ ಮೇಲಿತ್ತು? ಯಾರು ಎಷ್ಟು ಅತ್ತರು ಎಂಬುದರ ಮೇಲೆ! ನನ್ನ ಕರವಸ್ತ್ರವೂ ಒದ್ದೆಯಾಗಿತ್ತು. ಅತ್ತದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಅತ್ತು ಹಗುರಾದ ಮೇಲೆ ಕೆಲಸ ಮುಗಿಯಿತೆಂದು ಮನೆಗೆ ಬಂದುಬಿಟ್ಟೆವಲ್ಲ, ಅದರ ಮಾತು.

ಈಗ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಹೆಸರು ಬೇಡ. 1997ರಲ್ಲಿ ಅವಳು ನನ್ನ ಎಂಟನೇ ತರಗತಿಯಲ್ಲಿದ್ದಳು. ಹುಟ್ಟಿನಿಂದಲೇ ಮಸುಕಾಗಿದ್ದ ದೃಷ್ಟಿ ಹತ್ತು ವರ್ಷವಾಗುವ ಹೊತ್ತಿಗೆ ಪೂರ್ತಿ ಆರಿಹೋಗಿತ್ತು. ಪಕ್ಕದ ಹುಡುಗಿ ಪಾಠ ಓದಿ ಹೇಳುತ್ತಿದ್ದಳು, ಇವಳು ಕೇಳಿ ನೆನಪಿಟ್ಟುಕೊಳ್ಳುತ್ತಿದ್ದಳು. ದನಿ ಚೆನ್ನಾಗಿತ್ತು. ಬೆಳಗಿನ ಪ್ರಾರ್ಥನೆಗೆ ಅವಳೇ ಮುಂದೆ ನಿಲ್ಲುವುದು ರೂಢಿಯಾಯಿತು. ಆಗಸ್ಟ್ ಹದಿನೈದು, ನವೆಂಬರ್ ಒಂದು, ಶಾಲೆಯ ವಾರ್ಷಿಕೋತ್ಸವ, ಎಲ್ಲದರಲ್ಲೂ ಅವಳ ಹಾಡು. ಅವಳನ್ನು ಕೈಹಿಡಿದು ಮೈಕಿನ ಮುಂದೆ ನಿಲ್ಲಿಸುತ್ತಿದ್ದವಳು ನಾನು. ಹಾಡು ಮುಗಿಯುತ್ತಿದ್ದಂತೆ ಬಂದ ಅತಿಥಿಗಳು ಕಣ್ಣೊರೆಸಿಕೊಂಡು ನೂರು ರೂಪಾಯಿ ಬಹುಮಾನ ಘೋಷಿಸುವರು. ಚಪ್ಪಾಳೆಯೋ ಚಪ್ಪಾಳೆ.

ನಾನು ಸಂಗೀತವನ್ನು ಶಾಸ್ತ್ರೋಕ್ತವಾಗಿ ಕಲಿತವಳಲ್ಲ. ಆದರೂ ಮದುವೆಗೆ ಮೊದಲು ಮೂರು ವರ್ಷ ಪಾಠಕ್ಕೆ ಹೋಗಿದ್ದೆ. ಅವಳು ಮೇಲಿನ ಷಡ್ಜಕ್ಕೆ ಹೋಗುವಾಗ ಶ್ರುತಿ ಒಂದು ಎಳೆ ಕೆಳಗೆ ಜಾರುತ್ತದೆ, ಚರಣ ಬಂದರೆ ಓಟ ಹಿಡಿಯುತ್ತಾಳೆ ಎಂಬುದು ನನ್ನ ಕಿವಿಗೆ ಮೊದಲ ತಿಂಗಳಲ್ಲೇ ಬಿದ್ದಿತ್ತು. ಹೇಳಲಿಲ್ಲ. ಬೇರೆ ಹುಡುಗಿಯರಾಗಿದ್ದರೆ ಹೇಳುತ್ತಿದ್ದೆ. "ಏಯ್, ಶ್ರುತಿ ಕೇಳಿಸ್ಕೊಂಡು ಹಾಡು" ಎಂದು ಗದರಿಸುತ್ತಿದ್ದೆ. ಇವಳಿಗೆ ಹೇಗೆ ಹೇಳುವುದು, ಮೊದಲೇ ಕಣ್ಣಿಲ್ಲದ ಮಗು, ಮನಸ್ಸು ನೊಂದುಕೊಂಡೀತು ಎಂದು ಸುಮ್ಮನಿದ್ದೆ. ಸುಮ್ಮನಿದ್ದುದನ್ನು ನನ್ನ ದೊಡ್ಡ ಗುಣವೆಂದೇ ತಿಳಿದಿದ್ದೆ.

ಒಂದು ದಿನ ಅವಳ ತಾಯಿ ಶಾಲೆಗೆ ಬಂದರು. ಶಿವಮೊಗ್ಗದಲ್ಲಿ ಒಬ್ಬರು ಸಂಗೀತ ಹೇಳಿಕೊಡುವವರಿದ್ದಾರಂತೆ, ವಾರಕ್ಕೆ ಎರಡು ದಿನ ರೈಲಿನಲ್ಲಿ ಕರೆದುಕೊಂಡು ಹೋಗಿ ಬರಬಹುದು, ಹಾಕಲೇ ಎಂದು ಕೇಳಿದರು. ಭದ್ರಾವತಿಯಿಂದ ಶಿವಮೊಗ್ಗ ಎಷ್ಟು ದೂರ? ಸುಮಾರು ಇಪ್ಪತ್ತು ಕಿಲೋಮೀಟರು. ನಾನು ಏನು ಹೇಳಿದೆ ಗೊತ್ತೆ? "ಯಾಕಮ್ಮ ಆ ಮಗೂಗೆ ತೊಂದರೆ ಕೊಡ್ತೀರಿ? ಹೆಣ್ಣು ಹುಡುಗಿ ಬೇರೆ. ಅವಳು ಈಗಲೇ ಎಷ್ಟು ಚೆನ್ನಾಗಿ ಹಾಡ್ತಾಳೆ, ದೇವರು ಕೊಟ್ಟ ದನಿ" ಎಂದೆ. ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಹೇಳುತ್ತಿದ್ದ ಮಾತು ನನ್ನ ಬಾಯಿಂದ ಹಾಗೇ ಬಂತು. ಟೀಚರು ಹೇಳಿದ ಮೇಲೆ ಮುಗಿಯಿತು. ಆ ತಾಯಿ ಮರುಮಾತಾಡದೆ ಹೋದರು.

ಮುಂದಿನ ವರ್ಷ ತಾಲ್ಲೂಕು ಮಟ್ಟದ ಒಂದು ಸ್ಪರ್ಧೆಗೆ ಅವಳನ್ನು ಕರೆದುಕೊಂಡು ಹೋದೆ. ತೀರ್ಪುಗಾರರಲ್ಲಿ ಒಬ್ಬರು ವಯಸ್ಸಾದ ಸಂಗೀತಗಾರರು. ಅವಳಿಗೆ ಯಾವ ಬಹುಮಾನವೂ ಬರಲಿಲ್ಲ. ಮುಗಿದ ಮೇಲೆ ಅವರು ಅವಳನ್ನು ಹತ್ತಿರ ಕರೆದು, "ಮಗೂ, ದನಿ ಒಳ್ಳೇದಿದೆ, ಶ್ರುತಿ ನಿಲ್ಲಿಸೋದು ಯಾರೂ ಹೇಳಿಕೊಟ್ಟಿಲ್ಲವಾ?" ಎಂದು ಕೇಳಿದರು. ಮೃದುವಾಗಿಯೇ ಕೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ, "ಟೀಚರ್, ನನ್ನ ಶ್ರುತಿ ಸರಿ ಇಲ್ಲ ಅಂತ ನಿಮಗೆ ಗೊತ್ತಿತ್ತಾ?" ಎಂದಳು. ನಾನು "ಅವರು ಹಾಗೇ ಹೇಳ್ತಾರೆ, ನೀನು ತಲೆ ಕೆಡಿಸ್ಕೋಬೇಡ" ಎಂದೆ. ಅವಳು ಮತ್ತೆ ಅದೇ ಪ್ರಶ್ನೆ ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಆಮೇಲೆ ಅವಳು ಪ್ರಾರ್ಥನೆಗೆ ಮುಂದೆ ನಿಲ್ಲುವುದನ್ನು ಬಿಟ್ಟಳು. ಕರೆದರೆ, "ಗಂಟಲು ಸರಿ ಇಲ್ಲ ಟೀಚರ್" ಎನ್ನುತ್ತಿದ್ದಳು. ಹತ್ತನೇ ತರಗತಿ ಮುಗಿಸಿ ಹೋದಳು.

2003ರ ಜನವರಿಯಲ್ಲಿ ಮದುವೆಯೊಂದಕ್ಕೆಂದು ಗದುಗಿಗೆ ಹೋಗಿದ್ದೆ. ಬೆಳಿಗ್ಗೆ ಬೇಗ ಎದ್ದು, ಜೊತೆಯವರೊಂದಿಗೆ ಪುಣ್ಯಾಶ್ರಮಕ್ಕೆ ಹೋದೆ. ಅಜ್ಜಾರ ದರ್ಶನ ಮಾಡಬೇಕೆಂಬುದೇ ಆಸೆ. ಆದರೆ ಆ ದಿನ ಅವರು ಊರಲ್ಲಿರಲಿಲ್ಲ. ನಿರಾಸೆಯಾಯಿತು. ಈಗ ಯೋಚಿಸಿದರೆ ಅದೇ ಒಳ್ಳೆಯದಾಯಿತು ಎನಿಸುತ್ತದೆ. ಅವರಿದ್ದಿದ್ದರೆ ಕಾಲಿಗೆ ಬಿದ್ದು, ಪ್ರಸಾದ ತಗೊಂಡು ಬಂದುಬಿಡುತ್ತಿದ್ದೆ. ಅವರಿಲ್ಲದ್ದರಿಂದ ಅವರ ಶಾಲೆ ನೋಡಿದೆ.

ಒಂದು ಮೂಲೆಯಲ್ಲಿ ಕಣ್ಣು ಕಾಣದ ಹತ್ತು ಹನ್ನೆರಡು ವರ್ಷದ ಹುಡುಗನೊಬ್ಬ ಕೂತು ಹಾಡುತ್ತಿದ್ದ. ಎದುರಿಗೆ ಅವನಿಗಿಂತ ದೊಡ್ಡವನೊಬ್ಬ, ಅವನಿಗೂ ಕಣ್ಣಿಲ್ಲ, ಹಾರ್ಮೋನಿಯಂ ಹಿಡಿದಿದ್ದ. ಹುಡುಗ ಒಂದು ಸಾಲು ಹಾಡಿದ. "ಊಹೂಂ, ಇನ್ನೊಮ್ಮೆ ಅನ್ನು" ಎಂದ ದೊಡ್ಡವನು. ಹುಡುಗ ಮತ್ತೆ ಹಾಡಿದ. "ಗಾಂಧಾರ ಸತ್ತೈತಿ, ಇನ್ನೊಮ್ಮೆ." ಮತ್ತೆ. "ಇನ್ನೊಮ್ಮೆ." ನಾನು ಎಣಿಸುತ್ತಾ ನಿಂತೆ. ಹದಿನಾಲ್ಕು ಸಲ! ದನಿಯಲ್ಲಿ ಸಿಟ್ಟಿಲ್ಲ, ರಮಿಸುವುದೂ ಇಲ್ಲ. ಹದಿನೈದನೆಯ ಸಲ ಹುಡುಗ ಹಾಡಿದಾಗ ಅದು ಬೇರೆಯೇ ಸಾಲಾಗಿತ್ತು. ಆಗಲೂ ಶಹಬ್ಬಾಸ್ ಎನ್ನಲಿಲ್ಲ. "ಹಾಂ, ಮುಂದ ಹೋಗು" ಎಂದ, ಅಷ್ಟೆ. ಹುಡುಗನ ಮುಖ ಅರಳಿದ್ದನ್ನು ನಾನು ನೋಡಿದೆ. ನೂರು ರೂಪಾಯಿ ಬಹುಮಾನ ಬಂದಾಗ ನನ್ನ ವಿದ್ಯಾರ್ಥಿನಿಯ ಮುಖ ಎಂದೂ ಹಾಗೆ ಅರಳಿರಲಿಲ್ಲ.

ನಾನು ಕಂಬಕ್ಕೆ ಒರಗಿ ನಿಂತುಬಿಟ್ಟೆ. ನನಗೆ ಬಸ್ಸಿನ ಕಿಟಕಿಯ ಕಡೆ ತಿರುಗಿದ ಆ ಮುಖ ನೆನಪಾಯಿತು. ಕಣ್ಣಿಲ್ಲದ ಮಗುವಿಗೆ ತಪ್ಪು ತೋರಿಸಬಾರದು ಎಂದುಕೊಂಡಿದ್ದೆ. ಇಲ್ಲಿ ಕಣ್ಣಿಲ್ಲದವನೇ ಕಣ್ಣಿಲ್ಲದವನ ತಪ್ಪನ್ನು ಹದಿನಾಲ್ಕು ಸಲ ತೋರಿಸುತ್ತಿದ್ದ, ಏಕೆಂದರೆ ಇವನು ಹಾಡುಗಾರನಾಗಬಲ್ಲ ಎಂಬ ನಂಬಿಕೆ ಅವನಿಗಿತ್ತು. ನನ್ನ ಹುಡುಗಿಯ ಬಗ್ಗೆ ನನಗೆ ಆ ನಂಬಿಕೆ ಇರಲಿಲ್ಲ. ನನ್ನಲ್ಲಿ ಕನಿಕರವಿತ್ತು, ಅಷ್ಟೆ.

ಗವಾಯಿಗಳ ದೊಡ್ಡ ಕೃತಿ ಯಾವುದೆಂದು ಕೇಳಿದರೆ ಅವರ ಪುಸ್ತಕಗಳಿಗಿಂತ, ನಾಟಕಗಳಿಗಿಂತ ಮೊದಲು ನಾನು ಹೇಳುವುದು ಈ 'ಇನ್ನೊಮ್ಮೆ' ಎಂಬ ಮಾತನ್ನು. ಪಂಚಾಕ್ಷರಿ ಗವಾಯಿಗಳ ನಡೆದಾಡುವ ಶಾಲೆಯಿಂದ ಇಳಿದುಬಂದ ಪಾಠದ ಕ್ರಮ ಇದು. ಬರೆದುಕೊಳ್ಳಲು ನೋಟು ಪುಸ್ತಕವಿಲ್ಲ, ಕೇಳಬೇಕು, ಹೇಳಬೇಕು, ತಪ್ಪಬೇಕು, ತಿದ್ದಿಸಿಕೊಳ್ಳಬೇಕು. ಕಣ್ಣಿಲ್ಲದ್ದರಿಂದ ಕಿವಿ ತಾನಾಗಿ ಚುರುಕಾಗುತ್ತದೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹಾಗಿದ್ದರೆ ನನ್ನ ಹುಡುಗಿಯ ಶ್ರುತಿ ಜಾರಬಾರದಿತ್ತು. ಕಿವಿಯನ್ನು ಕುಡುಗೋಲಿನಂತೆ ಮಸೆಯಬೇಕಾಗುತ್ತದೆ, ಮಸೆಯುವವರು ಬೇಕಾಗುತ್ತದೆ.

ಇದಕ್ಕೆ ಇನ್ನೊಂದು ಸಾಕ್ಷಿಯಿದೆ. ಕಣ್ಣಿದ್ದವರೂ ಈ ಗುರುಗಳನ್ನು ಹುಡುಕಿಕೊಂಡು ಬಂದರು. ಪಂಡಿತ ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಬಳಿ ಹುಡುಗನಾಗಿದ್ದಾಗ ಕಲಿತವರು. ಇಂದಿನ ಪಂಡಿತ ಎಂ. ವೆಂಕಟೇಶ್ ಕುಮಾರ್ ಬಳ್ಳಾರಿ ಸೀಮೆಯ ತೊಗಲುಗೊಂಬೆ ಆಡಿಸುವ ಮನೆತನದ ಹುಡುಗ. ಆಶ್ರಮಕ್ಕೆ ಬಂದು ಹನ್ನೆರಡು ವರ್ಷ ಪುಟ್ಟರಾಜರಲ್ಲಿ ಕಲಿತರು, 2016ರಲ್ಲಿ ಪದ್ಮಶ್ರೀ ಪಡೆದರು. ಅವರ ಹಾಡು ಕೇಳಿ ಯಾರೂ ಕನಿಕರದಿಂದ ಚಪ್ಪಾಳೆ ತಟ್ಟುವುದಿಲ್ಲ. ಆ ಸ್ವರದ ಹಿಂದಿರುವುದೂ ಅದೇ ಆಶ್ರಮದ ಸಾಧನೆಯೇ. ದೇವರು ಕಣ್ಣಿನ ಬದಲಿಗೆ ಕಂಠ ಕೊಟ್ಟ ಎಂಬ ನಮ್ಮ ಲೆಕ್ಕ ಇಲ್ಲಿ ಹೊಂದುವುದಿಲ್ಲ. ಎರಡು ಕಣ್ಣೂ ಇದ್ದ ಹುಡುಗನಿಗೆ ಕಂಠ ಎಲ್ಲಿಂದ ಬಂತು? ಪಾಠದಿಂದ ಬಂತು.

ನಮ್ಮ ನಾಡಿನಿಂದ ದೂರದ ಒಂದು ಉದಾಹರಣೆ ಹೇಳಲು ಅನುಮತಿ ಕೊಡಿ. ಅಮೆರಿಕದಲ್ಲಿ ರೇ ಚಾರ್ಲ್ಸ್ ಎಂಬ ಕಪ್ಪು ಜನಾಂಗದ ಹಾಡುಗಾರರಿದ್ದರು. 1930ರಲ್ಲಿ ಹುಟ್ಟಿ 2004ರಲ್ಲಿ ತೀರಿಕೊಂಡರು. ಚರ್ಚಿನ ಭಜನೆಯ ಧಾಟಿಯನ್ನೂ ದುಡಿಯುವ ಜನರ ದುಃಖದ ಹಾಡಿನ ಧಾಟಿಯನ್ನೂ ಬೆರೆಸಿ 'ಸೋಲ್' ಎಂಬ ಹೊಸ ಬಗೆಯ ಸಂಗೀತ ಕಟ್ಟಿದವರಲ್ಲಿ ಅವರು ಮೊದಲಿಗರು. ಸೋಲ್ ಎಂದರೆ ಆತ್ಮ. ಅವರ ಬದುಕಿನ ಮೇಲೆ 2004ರಲ್ಲಿ ಬಂದ 'ರೇ' ಎಂಬ ಚಿತ್ರವನ್ನು ನನ್ನ ಮಗ ತೋರಿಸಿದ. ಏಳು ವರ್ಷದ ಹೊತ್ತಿಗೆ ರೇ ಅವರ ಕಣ್ಣು ಪೂರ್ತಿ ಹೋಗಿತ್ತು. ತಾಯಿ ಬಡವಿ, ಬೇರೆಯವರ ಬಟ್ಟೆ ಒಗೆದು ಬದುಕುತ್ತಿದ್ದವಳು. ಆಕೆ ಮಗನನ್ನು ಕೂರಿಸಿ ಉಣ್ಣಿಸಲಿಲ್ಲ. ನೆಲ ಒರೆಸಿಸಿದಳು, ಸೌದೆ ಒಡೆಸಿದಳು. ನೆರೆಹೊರೆಯವರು ಆಡಿಕೊಂಡರೂ ಬಿಡಲಿಲ್ಲ. ಆಮೇಲೆ ಎದೆ ಗಟ್ಟಿಮಾಡಿಕೊಂಡು ದೂರದ ಅಂಧರ ಶಾಲೆಗೆ ಕಳುಹಿಸಿದಳು. ಅಲ್ಲಿ ರೇ ಬ್ರೈಲ್‌ನಲ್ಲಿ ಸಂಗೀತ ಓದಲು ಕಲಿತರು. ಒಂದು ಕೈಯಿಂದ ಚುಕ್ಕೆಗಳನ್ನು ಮುಟ್ಟಿ ಓದುವುದು, ನೆನಪಿಟ್ಟುಕೊಳ್ಳುವುದು, ಆಮೇಲೆ ಎರಡೂ ಕೈಯಿಂದ ಪಿಯಾನೋ ನುಡಿಸುವುದು. ಆ ಲಿಪಿ ಕೊಟ್ಟ ಲೂಯಿ ಬ್ರೈಲ್ ಕೂಡ ಕಣ್ಣಿಲ್ಲದವರೇ, ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಸಂಗೀತಗಾರರೇ.

ಹಾನಗಲ್ಲಿನ ಸೋದರಮಾವನೂ ಅಮೆರಿಕದ ಆ ತಾಯಿಯೂ ಒಬ್ಬರನ್ನೊಬ್ಬರು ಕಂಡವರಲ್ಲ. ಇಬ್ಬರೂ ಮಗುವನ್ನು ಮಡಿಲಿನಿಂದ ಇಳಿಸಿ ಪಾಠಕ್ಕೆ ಕಳುಹಿಸಿದರು. ಮಡಿಲಿನಿಂದ ಇಳಿಸುವುದು ಎಷ್ಟು ಕಷ್ಟವೆಂದು ನಮಗೆ ಗೊತ್ತು. ಅದೂ ಹೆಣ್ಣು ಮಗುವಾದರೆ ಕೇಳಬೇಡಿ. ಆ ಭದ್ರಾವತಿಯ ತಾಯಿ ಆ ಕಷ್ಟಕ್ಕೂ ಸಿದ್ಧಳಾಗಿ ನನ್ನ ಮುಂದೆ ಬಂದು ನಿಂತಿದ್ದಳು. ಬಿ.ಎ., ಬಿ.ಎಡ್. ಓದಿದ ನಾನು ಇಪ್ಪತ್ತು ಕಿಲೋಮೀಟರಿನ ದಾರಿಗೆ ಅಡ್ಡ ಕೂತೆ.

ಹಾಗಾದರೆ ಗವಾಯಿಗಳ ಹಾಡನ್ನು ಕೇಳುವುದು ಹೇಗೆ? ನನಗೆ ತಿಳಿದಷ್ಟು ಹೇಳುತ್ತೇನೆ. ಹಿಂದುಸ್ತಾನಿ ಪದ್ಧತಿಯಲ್ಲಿ ವಚನ ಹಾಡುವುದು ಸುಲಭವಲ್ಲ. ರಾಗಕ್ಕೆ ವಿಸ್ತಾರ ಬೇಕು, ವಚನಕ್ಕೆ ಮಾತಿನ ಬಿಗಿ ಬೇಕು. ರಾಗ ಹರಿದರೆ ಮಾತು ತೊಳೆದುಹೋಗುತ್ತದೆ. ಮಾತನ್ನು ಹಿಡಿದರೆ ರಾಗ ಕುಂಟುತ್ತದೆ. ಗವಾಯಿಗಳು ಸ್ವತಃ ಕವಿ. ಅದಕ್ಕೇ ಇರಬೇಕು, ಅವರ ಹಾಡಿಕೆಯಲ್ಲಿ ಮಾತು ಮುಂದೆ ನಡೆಯುತ್ತದೆ, ರಾಗ ಅದರ ಕೈ ಹಿಡಿದು ಬರುತ್ತದೆ. ಎಷ್ಟೋ ವಾದ್ಯ ಬಲ್ಲವರು ತಮಗೆ ಬರುವುದನ್ನೆಲ್ಲ ಒಂದೇ ಹಾಡಿನಲ್ಲಿ ಸುರಿಯಲಿಲ್ಲ. ಬಾಯಲ್ಲಿ ಪಾಠ ಹೇಳುವ ಗುರುವಿನ ನಿಧಾನ ಅದರಲ್ಲಿದೆ. ಕೇಳುವವನು ಮರಳಿ ಹೇಳುವಂತಿರಬೇಕು ಎಂಬ ಎಚ್ಚರವಿದೆ. ಇಳಿವಯಸ್ಸಿನ ಹಾಡಿಕೆಯಲ್ಲಿ ದನಿ ನಡುಗುವುದೂ ಉಂಟು. ಅದನ್ನು ಕೇಳಿಸಿಕೊಂಡೂ ಕೇಳದಂತಿರುವುದು ಭಕ್ತಿ ಇರಬಹುದು, ರಸಿಕತೆಯಲ್ಲ. ತಿದ್ದುವುದನ್ನೇ ಜೀವನವಿಡೀ ಮಾಡಿದ ಗುರುವಿನ ಹಾಡನ್ನು ಕಿವಿ ಮುಚ್ಚಿ ಹೊಗಳುವುದು ಅವರಿಗೆ ಮಾಡುವ ಮರ್ಯಾದೆಯಲ್ಲ ಎಂದು ನನಗನಿಸುತ್ತದೆ.

ಈ ಮಾತುಗಳಲ್ಲಿ ಎಲ್ಲವೂ ನನ್ನವಲ್ಲ. ಕಳೆದ ಮಳೆಗಾಲದಲ್ಲಿ ಶಿವಮೊಗ್ಗದ ರೈಲು ನಿಲ್ದಾಣದಲ್ಲಿ ಯಾರೋ "ಟೀಚರ್ ಅಲ್ವಾ?" ಎಂದರು. ನಾನು ಯಾರಿಗೋ ಫೋನಿನಲ್ಲಿ ಮಾತಾಡುತ್ತಿದ್ದೆ. ನನ್ನ ದನಿಯಿಂದಲೇ ಗುರುತು ಹಿಡಿದಿದ್ದಳು. ಅವಳೇ. ನಲವತ್ತು ದಾಟಿದೆ. ಕೈಯಲ್ಲಿ ಮಡಚುವ ಬಿಳಿ ಕೋಲು. ದೂರವಾಣಿ ನೋಡಿಕೊಳ್ಳುವ ತರಬೇತಿ ಪಡೆದು ಒಂದು ಕಚೇರಿಯಲ್ಲಿ ಕೆಲಸದಲ್ಲಿದ್ದಾಳೆ, ತಾಯಿಯನ್ನು ಸಾಕುತ್ತಿದ್ದಾಳೆ. ದಿನಾ ಒಬ್ಬಳೇ ಭದ್ರಾವತಿಗೂ ಶಿವಮೊಗ್ಗಕ್ಕೂ ಓಡಾಡುತ್ತಾಳಂತೆ! ನಾನು ಬೇಡವೆಂದಿದ್ದ ಅದೇ ದಾರಿ.

ಮುಂದಿನ ಭಾನುವಾರ ಮನೆಗೆ ಕರೆದೆ, ಬಂದಳು. ಊಟವಾದ ಮೇಲೆ ಗವಾಯಿಗಳ ವಚನದ ಒಂದು ಧ್ವನಿಮುದ್ರಣ ಹಾಕಿದೆ. ಅವಳು ತಲೆ ಸ್ವಲ್ಪ ವಾಲಿಸಿ ಕೇಳಿದಳು. ನಡುವೆ ಕೈ ಎತ್ತಿ, "ಇಲ್ಲಿ ಇನ್ನೊಮ್ಮೆ ಹಾಕಿ" ಎಂದಳು. ಹಾಕಿದೆ. "ನೋಡಿ, ಉಸಿರು ಸಾಲದೇ ಬಂತು, ಆದರೂ ಪದದ ಮಧ್ಯೆ ಮುರೀಲಿಲ್ಲ. ಪದ ಮುಗಿಸಿ ಆಮೇಲೆ ಉಸಿರು ತಗೊಂಡ್ರು. ಮುಂದಿನ ಸಾಲು ಅದಕ್ಕೇ ಸ್ವಲ್ಪ ತಡವಾಗಿ ಎತ್ತಿದ್ರು" ಎಂದಳು. ನನ್ನ ಕಿವಿಗೆ ಅದು ಬಿದ್ದೇ ಇರಲಿಲ್ಲ. ಇನ್ನೊಂದು ಕಡೆ, "ಇಲ್ಲಿ ಸ್ವರ ಜಾರ್ತು, ವಯಸ್ಸಾಗಿತ್ತು ಅನ್ಸತ್ತೆ" ಎಂದಳು, ಯಾವ ಅಳುಕೂ ಇಲ್ಲದೆ. ಇಷ್ಟು ಕೇಳಬಲ್ಲ ಕಿವಿ ಹದಿಮೂರನೇ ವಯಸ್ಸಿನಲ್ಲಿ ನನ್ನೆದುರು ಕೂತಿತ್ತು. ನಾನು ಅದರ ಮುಂದೆ ಕರವಸ್ತ್ರ ಹಿಡಿದು ನಿಂತಿದ್ದೆ.

"ನಂಗೆ ಗೊತ್ತಿತ್ತು ಕಣೇ" ಎಂದೆ. ಇಪ್ಪತ್ತೈದು ವರ್ಷಕ್ಕೂ ಮೀರಿ ಬಾಕಿ ಉಳಿದಿದ್ದ ಉತ್ತರ. ಯಾವುದರ ಬಗ್ಗೆ ಎಂದು ಅವಳು ಕೇಳಲಿಲ್ಲ. "ನಂಗೂ ಗೊತ್ತಾಗಿತ್ತು ಟೀಚರ್, ನಿಮಗೆ ಗೊತ್ತಿತ್ತು ಅಂತ. ಅದಕ್ಕೇ ಹಾಡೋದು ಬಿಟ್ಟೆ. ಶ್ರುತಿ ತಪ್ಪಿದ್ದಕ್ಕಲ್ಲ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಕಾಫಿ ಲೋಟ ಎಲ್ಲಿಟ್ಟಿದ್ದೇನೆಂದು ಕೈಯಿಂದ ಹುಡುಕಿಕೊಂಡಳು. ನಾನು ಎತ್ತಿಕೊಡಲು ಹೋದವಳು ನಿಲ್ಲಿಸಿದೆ. ಅವಳಿಗೇ ಸಿಕ್ಕಿತು.

ಈಗ ತಿಂಗಳಿಗೊಂದು ಭಾನುವಾರ ಬರುತ್ತಾಳೆ. ಹಾಡು ಎಂದು ನಾನು ಕೇಳುವುದಿಲ್ಲ, ಕೇಳುವ ಹಕ್ಕು ನನಗಿಲ್ಲ. ಹೋದ ಸಲ ಪಾತ್ರೆ ತೊಳೆಯುತ್ತಾ ನಾನೇ ಒಂದು ಹಳೆಯ ದೇವರನಾಮ ಗುನುಗುತ್ತಿದ್ದೆ. ಹಜಾರದಿಂದ ಅವಳ ದನಿ ಬಂತು, "ಟೀಚರ್, ಆ ಸಾಲು ಇನ್ನೊಮ್ಮೆ ಹೇಳಿ. ಶ್ರುತಿ ಕೆಳಗಿದೆ."

ನಾನು ನಲ್ಲಿ ನಿಲ್ಲಿಸಿ, ಇನ್ನೊಮ್ಮೆ ಹೇಳಿದೆ.